ತೋಪಿನ ಅರಳೆ

ತೋಪಿನಿಂದ ಹೊರಗೆ ಬರುವ ಮುಂಚೆ ಅಪ್ಪ ಅಂಗಿ ಬಿಚ್ಚಿ ಕೊಡವುತ್ತಿದ್ದ. ಬೈಲಹೊಂಗಲದ ಏಪ್ರಿಲ್ ಬಿಸಿಲು, ಸಂಪಗಾಂವ ರಸ್ತೆಯಲ್ಲಿ ಹೋಗಿಬರುವ ಜನ, ಯಾವುದೂ ಅವನಿಗೆ ಲೆಕ್ಕಕ್ಕಿಲ್ಲ. ಬೇಲಿಯ ಒಳಗೇ ನಿಂತು ಅಂಗಿ ಕೊಡವಿ, ತಲೆಯ ವಸ್ತ್ರ ಬಿಚ್ಚಿ ಕೊಡವಿ, ಮೊಳಕೈಗೆ ಅಂಟಿದ ಬಿಳಿ ಎಳೆಗಳನ್ನು ಬೆರಳಿನಿಂದ ಹೆಕ್ಕಿ ಒಳಗೇ ಬಿಟ್ಟು, ಆಮೇಲೆ ಹೊರಗೆ ಕಾಲಿಡುತ್ತಿದ್ದ. ನಾನು ಜೊತೆಗಿದ್ದರೆ ನನ್ನ ಜಡೆಯನ್ನೂ ಬಿಡುತ್ತಿರಲಿಲ್ಲ. ಹೇನು ನೋಡುವವರ ಹಾಗೆ ಕೂದಲು ಸರಿಸಿ ಸರಿಸಿ ನೋಡುತ್ತಿದ್ದ. ಸೈಕಲ್ ತುಳಿಯುತ್ತ ಹೊರಟ ನನ್ನ ಸಾಲೆಯ ಹುಡುಗಿಯರು ಅದನ್ನು ಕಂಡು ನಗುತ್ತಿದ್ದರು. ನನಗೆ ಅಳು ಬರುವಷ್ಟು ಸಿಟ್ಟು.

ಆ ಎಳೆ ಬೂರಲದ ಅರಳೆ. ಸಾಲೆಯ ಪುಸ್ತಕದಲ್ಲಿ ಬೂರುಗದ ಮರ ಎಂದಿತ್ತು, ನಾವು ಬೂರಲ ಗಿಡ ಅನ್ನುತ್ತಿದ್ದೆವು. ನಮ್ಮ ಕಡೆ ಮುಗಿಲು ಮುಟ್ಟುವ ಮರವೂ ಗಿಡವೇ. ಮೈತುಂಬ ಮುಳ್ಳು, ಮಾಘ ಮಾಸಕ್ಕೆ ಎಲೆಯೆಲ್ಲ ಉದುರಿಸಿ ಕೆಂಪು ಹೂ ಹೊರುತ್ತಿದ್ದವು. ಬಿಸಿಲು ಏರಿದ ಹಾಗೆ ಕಾಯಿ ಒಡೆದು ಒಳಗಿನ ರೇಷ್ಮೆಯಂಥ ಅರಳೆ ಗಾಳಿಗೆ ಹಾರುತ್ತಿತ್ತು. ಆ ದಿನಗಳಲ್ಲಿ ಊರಿನ ಆ ತುದಿಯ ಗಟಾರ, ಬೇಲಿ, ಒಣಹಾಕಿದ ಸೀರೆ, ಚಹಾದಂಗಡಿಯ ಹಾಲಿನ ಪಾತ್ರೆ, ಎಲ್ಲದರ ಮೇಲೂ ಬಿಳಿ ಎಳೆ. ಅಷ್ಟೂ ಅರಳೆ ಯಾರಿಗೂ ಬೇಡವಾಗಿ ಹಾರಿಹೋಗುತ್ತಿತ್ತು. ಅದರ ಕೆಳಗೆ ನಿಂತು ಅಂಗಿ ಕೊಡವುತ್ತಿದ್ದ ನನ್ನ ಅಪ್ಪ ಕಸುಬಿನಿಂದ ಪಿಂಜಾರ. ಅರಳೆ ಹಿಂಜಿ ಗಾದಿ, ತಲೆದಿಂಬು ತುಂಬುವುದೇ ಅವನ ಹೊಟ್ಟೆಪಾಡು.

ನಾವು ಮನೆಯಲ್ಲಿ ಕನ್ನಡ ಆಡುವ ಮುಸಲ್ಮಾನರು. ಅಜ್ಜ ದೊಡ್ಡ ಬಿಲ್ಲು ಹೆಗಲಿಗೆ ಹಾಕಿಕೊಂಡು, ಅದರ ನರ ಮಿಡಿದು ಸಪ್ಪಳ ಮಾಡುತ್ತ, ಓಣಿ ಓಣಿ ತಿರುಗಿ ಜನರ ಹಳೇ ಗಾದಿಗಳನ್ನು ಹಿಂಜಿಕೊಡುತ್ತಿದ್ದನಂತೆ. ಅಪ್ಪನ ಕಾಲಕ್ಕೆ ಪೇಟೆಯಲ್ಲೊಂದು ಸಣ್ಣ ಅಂಗಡಿಯೂ ಅದರೊಳಗೊಂದು ಹಿಂಜುವ ಮಷಿನ್ನೂ ಬಂದಿದ್ದವು. ಬೈಲಹೊಂಗಲದಲ್ಲಿ ಹತ್ತಿಗೆ ಬರವಿರಲಿಲ್ಲ. ಮದುವೆಯ ದಿನಗಳು ಹತ್ತಿರ ಬಂದರೆ ಲಿಂಗಾಯತರ ದೊಡ್ಡ ಮನೆಗಳಿಂದ ಗಾದಿಯ ಕೆಲಸ ಬರುತ್ತಿತ್ತು. ಮಗಳಿಗೆ ಕೊಡುವ ಗಾದಿ ಅಪ್ಪನ ಕೈಯಿಂದಲೇ ಆಗಬೇಕು ಅನ್ನುವ ಗೌಡತಿಯರಿದ್ದರು.

ಕಸುಬಿನ ಜೊತೆ ಅಜ್ಜನಿಂದ ಅಪ್ಪನಿಗೆ ಇನ್ನೊಂದು ಬಂದಿತ್ತು, ಈ ತೋಪಿನ ಮುತವಲ್ಲಿತನ. ಮುತವಲ್ಲಿ ಅಂದರೆ ನೋಡಿಕೊಳ್ಳುವವನು, ಒಡೆಯ ಅಲ್ಲ. ತೋಪು ವಕ್ಫ್ ಆಸ್ತಿ. ಹಿಂದೆ ಯಾವಾಗಲೋ ಮಕ್ಕಳಿಲ್ಲದ ಒಬ್ಬ ಹೆಣ್ಣುಮಗಳು ಅದನ್ನು ದೇವರ ಹೆಸರಿಗೆ ಬಿಟ್ಟಿದ್ದಳು. ಅವಳ ಹೆಸರು ಯಾರಿಗೂ ನೆನಪಿಲ್ಲ, ಎಲ್ಲರೂ ಅಮ್ಮ ಅನ್ನುತ್ತಾರೆ. ಹತ್ತಿ ಹೇರಿಕೊಂಡು ಪೇಟೆಗೆ ಬರುವ ಚಕ್ಕಡಿಗಳು ಅಲ್ಲಿ ಕೊಳ್ಳು ಹರಿದು ಎತ್ತು ಬಿಚ್ಚಲಿ, ದಣಿದವರು ಕುಳಿತೇಳಲಿ, ಎತ್ತುಗಳು ಬಾವಿಯ ನೀರು ಕುಡಿಯಲಿ ಎಂದು ಅವಳ ಇಚ್ಛೆ. ಹಾಗೆ ಬಿಟ್ಟ ಮೇಲೆ ಅದನ್ನು ಮಾರುವ ಹಾಗಿಲ್ಲ, ಯಾರೂ ಹಂಚಿಕೊಳ್ಳುವ ಹಾಗಿಲ್ಲ, ಬರುವ ಉತ್ಪನ್ನ ಅದೇ ಕೆಲಸಕ್ಕೆ ಹೋಗಬೇಕು. ಬೂರಲ, ಹುಣಸೆ, ಬೇವು, ಬಾವಿಯ ದಂಡೆಗೆ ನೇರಳೆ. ಇಷ್ಟು ಗಿಡ, ಒಂದು ಬಾವಿ, ದನ ನೀರು ಕುಡಿಯುವ ಒಂದು ಕಲ್ಲಿನ ದೋಣಿ.

ದೇವರ ಆಸ್ತಿಯನ್ನು ತಿನ್ನಬಾರದು ಎಂಬುದನ್ನು ಅಪ್ಪ ಎಲ್ಲಿಗೆ ಒಯ್ದು ಮುಟ್ಟಿಸಿದ್ದನೆಂದರೆ, ನಮ್ಮ ಆಡು ಒಮ್ಮೆ ಬೇಲಿ ಹಾರಿ ಬೇವಿನ ಚಿಗುರು ತಿಂದಿತೆಂದು ಅದರ ಹಾಲನ್ನು ಮೂರು ದಿನ ಮನೆಯಲ್ಲಿ ಮುಟ್ಟಲು ಬಿಡಲಿಲ್ಲ. ಮಸೂತಿಗೆ ಬರುವ ಫಕೀರರಿಗೆ ಕೊಟ್ಟುಬಿಟ್ಟ. ನೇರಳೆ ಹಣ್ಣಿನ ಕಾಲದಲ್ಲಿ ನೆಲವೆಲ್ಲ ನೀಲಿಯಾದರೂ ನಮಗೆ ಒಂದು ಹಣ್ಣಿಲ್ಲ. "ಅದು ದಾರಿಹೋಕರಿಗೆ ಬಿಟ್ಟದ್ದು. ನೀವೇನ ದಾರಿಹೋಕರೇನು? ಮನಿ ಇಲ್ಲೇ ಐತಿ," ಅನ್ನುತ್ತಿದ್ದ.

ಇದಕ್ಕೆ ಮದ್ದು ಕಂಡುಹಿಡಿದವಳು ಅತ್ತೆ, ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲೇ ಇದ್ದಳು, ಗಾದಿಯ ಗವಸು ಹೊಲಿಯುತ್ತಿದ್ದಳು. ಬಾಯಿ ಜೋರು, ಕಣ್ಣು ಅದಕ್ಕಿಂತ ಜೋರು. ಒಂದು ರಜೆಯ ದಿನ ನನ್ನನ್ನೂ ಓಣಿಯ ನಾಲ್ಕಾರು ಹುಡುಗಿಯರನ್ನೂ ಬಸ್ಸಿಗೆ ಹತ್ತಿಸಿ ಸಂಪಗಾಂವಕ್ಕೆ ಒಯ್ದಳು. ಅಲ್ಲಿ ಇಳಿಸಿ, ಒಂದೊಂದು ಪೆಪ್ಪರ್‌ಮಿಂಟ್ ಕೈಗಿಟ್ಟು, ಅಲ್ಲಿಂದ ನಡೆಸಿಕೊಂಡು ಬಂದಳು. ಕಾಲು ಕಿತ್ತುಹೋಗುವಂತಾಗಿ ನಾವು ತೋಪಿನ ಹತ್ತಿರ ಬಂದಾಗ ಅಪ್ಪ ದೋಣಿ ತೊಳೆಯುತ್ತಿದ್ದ.

"ತಮ್ಮಾ, ಸಂಪಗಾಂವದಿಂದ ನಡಕೋತ ಬಂದೇವಿ. ಈಗ ನಾವು ದಾರಿಹೋಕರು ಹೌದಲ್ಲೋ?" ಅಂದಳು ಅತ್ತೆ.

ಅಪ್ಪ ನಮ್ಮ ಧೂಳು ತುಂಬಿದ ಕಾಲು ನೋಡಿದ. ಬಹಳ ಹೊತ್ತು ವಿಚಾರ ಮಾಡಿದ. ಆಮೇಲೆ, "ಹೌದು. ತಿನ್ರಿ," ಅಂದ. ನಾವು ತಿಂದ ರೀತಿಗೆ ಮರುದಿನ ಸಾಲೆಯಲ್ಲಿ ಎಲ್ಲರ ನಾಲಗೆಯೂ ಒಂದೇ ಬಣ್ಣ.

ತೊಂಬತ್ತರ ದಶಕ ನಡುವಿಗೆ ಬರುವಷ್ಟರಲ್ಲಿ ಚಕ್ಕಡಿಗಳು ಕಡಿಮೆಯಾದವು. ಹತ್ತಿ ಟ್ರ್ಯಾಕ್ಟರಿನಲ್ಲಿ ಬರತೊಡಗಿತು, ಟ್ರ್ಯಾಕ್ಟರಿಗೆ ನೆರಳೂ ಬೇಡ ನೀರಿನ ದೋಣಿಯೂ ಬೇಡ. ಅಪ್ಪ ಮಾತ್ರ ದಿನಾ ಮುಂಜಾನೆ ಕೀಲಿ ಒಯ್ದು, ಬಾವಿಯ ಬಾಗಿಲು ತೆಗೆದು, ದೋಣಿ ತುಂಬಿಸಿ ಬರುತ್ತಿದ್ದ. ಅದೇ ಹೊತ್ತಿಗೆ ನಮ್ಮ ಮಸೂತಿಯ ಮಾಳಿಗೆ ಸೋರಲು ಹತ್ತಿತು. ಒಂದು ಮಳೆಗಾಲ ಶುಕ್ರವಾರದ ನಮಾಜಿಗೆ ಜನ ಬಕೆಟ್‌ಗಳ ನಡುವೆ ಸಾಲು ನಿಲ್ಲಬೇಕಾಯಿತು. ಜಮಾತಿನ ಹತ್ತಿರ ದುಡ್ಡಿಲ್ಲ. ಆಗ ಹುಬ್ಬಳ್ಳಿ ಕಡೆಯಿಂದ ಕಟ್ಟಿಗೆ ವ್ಯಾಪಾರಿಯೊಬ್ಬ ಬಂದ. ಬೂರಲದ ಕಟ್ಟಿಗೆ ಹಗುರ, ಕಡ್ಡಿಪೆಟ್ಟಿಗೆಯ ಕಡ್ಡಿಗೆ ಅದೇ ಬೇಕು. ತೋಪಿನ ಬೂರಲವನ್ನೆಲ್ಲ ಒಂದೇ ಸಲಕ್ಕೆ ಕಡಿದು ಒಯ್ಯುತ್ತೇನೆ, ಮಾಳಿಗೆಯ ರಿಪೇರಿಗೆ ಮಿಕ್ಕುವಷ್ಟು ಕೊಡುತ್ತೇನೆ ಅಂದ.

ನಮ್ಮ ಹಿತ್ತಲ ಗೋಡೆಯ ಆಚೆಗೇ ಮಸೂತಿಯ ಅಂಗಳ. ಅಲ್ಲಿ ಯಾರಾದರೂ ಜೋರಾಗಿ ಮಾತಾಡಿದರೆ ನಮ್ಮ ಅಡುಗೆಮನೆಗೆ ಕೇಳುತ್ತಿತ್ತು. ಆ ಶುಕ್ರವಾರ ನಮಾಜು ಮುಗಿದ ಮೇಲೆ ಜಮಾತು ಕೂಡಿತು. ಅವ್ವ, ಅತ್ತೆ, ನಾನು ಮೂವರೂ ಒಲೆಯ ಮುಂದಿನ ಕೆಲಸ ಬಿಟ್ಟು ಗೋಡೆಗೆ ಹೋಗಿ ನಿಂತೆವು. ಜಮಾತಿನ ಹಿರಿಯರು ಹತ್ತಿ ಪೇಟೆಯಲ್ಲಿ ದಲಾಲಿ ಅಂಗಡಿ ಇಟ್ಟವರು. ನಾನು ಅವರನ್ನು ದಲಾಲಿ ಕಾಕಾ ಅನ್ನುತ್ತಿದ್ದೆ. ಕೆಟ್ಟವರಲ್ಲ. ನೇರ ಮಾತಿನವರು.

"ತಮ್ಮಾ, ನೆರಳು ನೆರಳು ಅಂತೀದಿ. ಯಾರಿಗೋ ನೆರಳು? ಚಕ್ಕಡಿ ಎಲ್ಲಿ ಅದಾವು? ಒಂದು ಮನಶ್ಯಾ ಕುಂದರೂದು ಕಂಡೀಯೇನು? ಇತ್ತಾಗ ದೇವರ ಮನಿ ಸೋರಾಕ ಹತ್ತೇತಿ. ಏನೂ ಹುಟ್ಟಿಸದ ವಕ್ಫು ಇದ್ದೇನ, ಬಿಟ್ಟೇನ?" ಅಂದರು ಅವರು.

"ಗಿಡಾ ಆ ಅಮ್ಮ ಹಚ್ಚಿದ್ದು, ಸಾವಕಾರ್ರ. ಕಡಿಯಾಕ ನಮಗೇನ ಹಕ್ಕು?" ಅಪ್ಪನ ದನಿ.

"ಹಚ್ಚಿದಾಕಿ ಹಾಳ ಬೀಳಲಿ ಅಂತ ಹಚ್ಚಿದ್ಲೇನು?"

ತೋಪಿನ ಬಾಜೂ ಹೊಲದ ಅಜ್ಜ, ಲಿಂಗಾಯತರವರು, ಆ ಹೊತ್ತಿಗೆ ಮಸೂತಿಯ ಬಾಗಿಲಲ್ಲಿ ಬಂದು ನಿಂತಿದ್ದರು. ಗಿಡ ಕಡಿಯುವ ಸುದ್ದಿ ಅವರಿಗೂ ಮುಟ್ಟಿತ್ತು. "ನಾ ಹೇಳಬಾರದು, ನಿಮ್ಮ ಜಮಾತಿನ ಮಾತು. ಆದ್ರ ಆ ಬೂರಲದಾಗ ಹೆಜ್ಜೇನು ಕುಂದರತಾವರೀ. ಅವು ಹೋದ್ರ ನನ್ನ ಸೂರ್ಯಪಾನ ಕಾಳು ಹಿಡಿಯೂದು ಅಷ್ಟಕ್ಕಷ್ಟ ನೋಡ್ರಿ," ಅಂದರು. ಸೂರ್ಯಪಾನ ಅಂದರೆ ಸೂರ್ಯಕಾಂತಿ, ಆಗ ನಮ್ಮ ಕಡೆ ಹೊಸದಾಗಿ ಹಬ್ಬಿದ ಬೆಳೆ. ಯಾರೋ ನಕ್ಕರು. ದಲಾಲಿ ಕಾಕಾ ನಗಲಿಲ್ಲ. ಮುಂದಿನ ಮಳೆಗಾಲದ ತನಕ ತಡೆಯೋಣ, ಅಷ್ಟರಲ್ಲಿ ತೋಪಿನಿಂದ ಏನಾದರೂ ಉತ್ಪನ್ನ ಹುಟ್ಟಿದರೆ ಸರಿ, ಇಲ್ಲದಿದ್ದರೆ ವ್ಯಾಪಾರಿಗೆ ಹೇಳಿಕಳಿಸುವುದೇ ಎಂದು ಕಡ್ಡಿ ಮುರಿದ ಹಾಗೆ ಹೇಳಿದರು.

ಅಪ್ಪ ಮನೆಗೆ ಬಂದು ಗೋಡೆಗೆ ಒರಗಿ ಕುಳಿತ. ಅತ್ತೆ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. ಅವಳು ಹಾಗೆ ಮಾಡಿದರೆ ಮನೆಯ ಬೆಕ್ಕೂ ಹೊರಗೆ ಹೋಗುತ್ತಿತ್ತು.

"ಉತ್ಪನ್ನ ಎಲ್ಲೆ ಐತಿ ಅಂತ ಊರೆಲ್ಲಾ ಹುಡುಕ್ಯಾಡಬ್ಯಾಡ. ನಿನ್ನ ತಲಿ ಮ್ಯಾಲೆ ಹಾರಾಡತೈತಿ. ಕಾಯಿ ಒಡಿಯೂಕಿಂತ ಮೊದಲ ಇಳಿಸೋಣು. ನಾ ದಿಂಬು ಹೊಲಿತೇನಿ, ನೀ ತುಂಬು. ಬಂದದ್ದು ಜಮಾತಿಗೆ ಹೋಗ್ಲಿ."

"ಆಗೂದಿಲ್ಲಕ್ಕಾ."

"ಯಾಕ ಆಗೂದಿಲ್ಲ?"

"ನಾ ಮುತವಲ್ಲಿ. ನಾನ ಪಿಂಜಾರ. ನನ್ನ ಅಂಗಡ್ಯಾಗ ಬೂರಲದ ಅರಳಿ ಕಂಡ್ರ ಜನ ಏನಂತಾರ? ನಾಕು ದಿಂಬು ದೇವರಿಗೆ, ಎಂಟು ದಿಂಬು ಮನಿಗೆ ಅಂತಾರ. ಅನ್ನಲಿಲ್ಲಂದ್ರೂ, ಒಂದು ಎಳಿ ಮಷಿನ್ನಿನಾಗ ಸಿಕ್ಕು ಮಂದಿ ಗಾದ್ಯಾಗ ಹೋತಂದ್ರ ಅದು ನಾ ತಿಂದಂಗ ಅಲ್ಲೇನು?"

ಅತ್ತೆ ಸೊಂಟದ ಸೆರಗನ್ನು ಇನ್ನಷ್ಟು ಬಿಗಿದಳು.

"ಅಂದ್ರ, ನಿನ್ನ ಕೈ ಸ್ವಚ್ಛ ಇರ್ಲಿ ಅಂತ ಗಿಡದ ಬುಡಕ್ಕ ಕೊಡ್ಲಿ ಬೀಳಬೇಕು. ಹೌದಿಲ್ಲೋ? ಇಷ್ಟು ವರ್ಷ ಅರಳಿ ಗಟಾರಕ್ಕ ಹೋತು, ಹುಣಚಿಹಣ್ಣು ಹುಳಕ್ಕ ಹೋತು, ಯಾರ ಹೊಟ್ಟಿಗೂ ಹೋಗ್ಲಿಲ್ಲ. ಅದಕ್ಕ ದೇವರು ಶಾಬ್ಬಾಶ್ ಅಂದಾನೇನು? ನೀ ಕಾಯಾಕ ಹತ್ತಿದ್ದು ತೋಪಲ್ಲೋ ತಮ್ಮಾ. ನಿನ್ನ ಮರ್ಯಾದಿ ಕಾಯಾಕ ಹತ್ತೀದಿ."

ನನಗೆ ಅಪ್ಪನ ಮೇಲೆ ಸಿಟ್ಟಿತ್ತು ಎಂದು ಮೊದಲೇ ಹೇಳಿದೆ. ಆದರೂ ಆ ಮಾತು ಕೇಳಿ ನನಗೆ ಅಪ್ಪನ ಮುಖ ನೋಡಲಾಗಲಿಲ್ಲ. ಅವನು ಚಪ್ಪಲಿ ಮೆಟ್ಟಿಕೊಂಡು ತೋಪಿನ ಕಡೆ ಹೋಗಿಬಿಟ್ಟ. ಅದಾದ ಮೇಲೆ ಬಹಳ ದಿನ ಅಕ್ಕತಮ್ಮ ಇಬ್ಬರೂ ನನ್ನ ಮೂಲಕವೇ ಮಾತಾಡುತ್ತಿದ್ದರು. ಎದುರಾ ಬದುರು ಕುಳಿತು, "ನಿಮ್ಮಪ್ಪಗ ಸಾರು ಬೇಕೇನು ಕೇಳು" ಅನ್ನುವುದು ಅವಳು, "ಸಾಕಂತ ಹೇಳು" ಅನ್ನುವುದು ಅವನು.

ಚಳಿ ಹೋಗಿ ಬೂರಲ ಕೆಂಪಗೆ ಹೂ ಬಿಟ್ಟ ಒಂದು ಶುಕ್ರವಾರ ಗೋಡೆಯಾಚೆ ಮತ್ತೆ ಅಪ್ಪನ ದನಿ ಕೇಳಿತು. ಅವನಾಗಿಯೇ ಜಮಾತಿನಲ್ಲಿ ಎದ್ದು ಮಾತಾಡಿದ್ದು ನಾನು ಕೇಳಿದ್ದು ಅದೇ ಮೊದಲು.

"ಸಾವಕಾರ್ರ, ತೋಪಿನ ಬಾವಿ ಕೀಲಿ ತಗೋರಿ. ಇವತ್ತಿನಿಂದ ನೀವು ಮುತವಲ್ಲಿ. ನಾ ಬರೇ ಪಿಂಜಾರ. ಕಾಯಿ ಇಳಿಸೂದು, ಅರಳಿ ಬಿಡಿಸೂದು, ದಿಂಬು ತುಂಬೂದು, ಎಲ್ಲಾ ಮಾಡತೇನಿ. ಕೂಲಿ ಬ್ಯಾಡ. ಆದ್ರ ಅರಳಿ ತೋಪಿನ ಹೊರಗ ಹೋಗಬಾರದು, ನನ್ನ ಅಂಗಡಿಗೆ ಬರಬಾರದು. ನೀವು ಮುಂದ ನಿಂತು ನೋಡಕೋರಿ."

ಆ ಕೀಲಿ ಅಜ್ಜನ ಕಾಲದಿಂದ ನಮ್ಮ ಮನೆಯ ಗೂಟಕ್ಕೆ ತೂಗುತ್ತಿದ್ದದ್ದು. ಊರಲ್ಲಿ ಅಪ್ಪನಿಗೆ ಇದ್ದ ಮಾನ ಅಂದರೆ ಅದೊಂದೇ. ಗಾದಿ ತುಂಬುವವನನ್ನು ಜನ ಏಕವಚನದಲ್ಲಿ ಕರೆಯುತ್ತಾರೆ, ಮುತವಲ್ಲಿಗೆ ಬರ್ರಿ ಅನ್ನುತ್ತಾರೆ. ಅತ್ತೆ ಗೋಡೆಗೆ ಹಣೆ ಹಚ್ಚಿ ಬಿಕ್ಕಿಬಿಕ್ಕಿ ಅತ್ತಳು. ಅವಳು ಕೇಳಿದ್ದು ಇದನ್ನಲ್ಲ. ಅಪ್ಪ ಮನೆಗೆ ಬಂದಾಗ ನನ್ನನ್ನು ನಡುವೆ ಇಟ್ಟುಕೊಳ್ಳದೆ, "ತಮ್ಮಾ, ಉಣ್ಣು ಬಾ," ಅಂದಳು.

ಆ ಬೇಸಿಗೆ ನಾನು ಕಂಡ ಬೇಸಿಗೆಗಳಲ್ಲಿ ಬಹಳ ಚಂದದ್ದು. ಕಾಯಿ ಬಲಿತು ಒಡೆಯುವ ಮುಂಚೆ ಉದ್ದ ಗಳಕ್ಕೆ ಕುಡುಗೋಲು ಕಟ್ಟಿ ಇಳಿಸಬೇಕು. ಬಿಸಿಲಿಗೆ ಹರವಿದರೆ ತಾವೇ ಬಾಯಿ ಬಿಡುತ್ತವೆ, ಬಿಟ್ಟ ಕೂಡಲೇ ಅರಳೆ ಹಾರುತ್ತದೆ. ಅದಕ್ಕೆ ಅತ್ತೆ ಓಣಿಯ ಹಳೆಯ ಸೊಳ್ಳೆಪರದೆಗಳನ್ನೆಲ್ಲ ಬೇಡಿ ತಂದು, ಹೊಲಿದು ಒಂದು ದೊಡ್ಡ ಡೇರೆ ಮಾಡಿದಳು. ಹೆಂಗಸರು ಅದರೊಳಗೆ ಕುಳಿತು ಕೋಲಿನಿಂದ ಬಡಿದು ಬೀಜ ಬೇರೆ ಮಾಡುತ್ತಿದ್ದರು. ಅವರಿಗೆ ತೋಪಿನ ಉತ್ಪನ್ನದಿಂದಲೇ ಕೂಲಿ ಎಂದು ಜಮಾತು ಠರಾಯಿಸಿತ್ತು. ಒಳಗೆ ಹೋದವರು ಹೊರಗೆ ಬರುವಾಗ ಹುಬ್ಬೆಲ್ಲ ಬಿಳಿ, ಮೂಗಿನ ತುದಿ ಬಿಳಿ. ಒಬ್ಬರನ್ನೊಬ್ಬರು ನೋಡಿ ಮುದುಕಿ ಮುದುಕಿ ಎಂದು ನಗುವುದು. ನಮ್ಮ ಓಣಿಯವರಷ್ಟೇ ಅಲ್ಲ, ಬಾಜೂ ಹೊಲದ ಅಜ್ಜನ ಸೊಸೆಯೂ ಬಂದಳು, ಆಚೆ ಕೇರಿಯ ಹೆಣ್ಣುಮಕ್ಕಳೂ ಬಂದರು. ಕೂಲಿ ಎಲ್ಲರಿಗೂ ಒಂದೇ. ಡೇರೆಯ ಬಾಯಿಗೆ ಕುರ್ಚಿ ಹಾಕಿಕೊಂಡು ದಲಾಲಿ ಕಾಕಾ.

ಮೊದಲ ದಿನ ಅವರು ಪೇಪರು ಓದುತ್ತ ಕುಳಿತಿದ್ದರು. ಎರಡನೆಯ ವಾರಕ್ಕೆ ಪೇಪರು ಬಿಟ್ಟು ಕಾಯಿ ಹೆಕ್ಕುತ್ತಿದ್ದರು. ಅಪ್ಪನ ಗಾಳಿ ಅವರಿಗೆ ಬಡಿಯಿತೋ, ಕೀಲಿಗೇ ಆ ಗುಣವೋ ಗೊತ್ತಿಲ್ಲ, ಒಂದು ದಿನ ಅವರ ಹೆಂಡತಿ ಮೊಮ್ಮಗನ ತೊಟ್ಟಿಲಿಗೆ ಒಂದು ಮುಷ್ಟಿ ಅರಳೆ ಕೇಳಿಕಳಿಸಿದರೆ, "ಊರ ಮುಂದ ಕೇಳಬ್ಯಾಡ ಅಂತ ಹೇಳು ಆಕಿಗೆ. ಎಲ್ಲಾರಂಗ ದಿಂಬು ಕೊಂಡು ಒಯ್ಯಲಿ," ಅಂದು ಬಿಟ್ಟರು. ಅತ್ತೆಗೆ ಈ ಮಾತು ಹೇಳಿ ಹೇಳಿ ನಗಲು ವರ್ಷಗಟ್ಟಲೆ ಸಾಕಾಯಿತು.

ಗವಸಿನ ಬಟ್ಟೆ ರಾಮದುರ್ಗದ ನೇಕಾರರಿಂದ ಬಂತು. ದಲಾಲಿ ಕಾಕಾ ಅಲ್ಲಿಯ ಪರಿಚಯದವರಿಂದ ಒತ್ತಾದ ನೇಯ್ಗೆಯ ಪಟ್ಟೆಪಟ್ಟೆ ಬಟ್ಟೆ ತರಿಸಿದ್ದರು. ಬೂರಲದ ಎಳೆ ಸಣ್ಣ ತೂತಿನಲ್ಲೂ ನುಸುಳುತ್ತದೆ, ಸಡಿಲ ಬಟ್ಟೆ ನಡೆಯುವುದಿಲ್ಲ. ದಿಂಬುಗಳು ಊರಲ್ಲಿ ಒಂದಷ್ಟು ಹೋದವು, ಮುನವಳ್ಳಿಯ ಸಂತೆಯಲ್ಲಿ ಒಂದಷ್ಟು. ಆದರೆ ಬಹಳ ಹೋದದ್ದು ಕಿತ್ತೂರಿನ ಹೆದ್ದಾರಿಯ ಮೇಲೆ. ಅಲ್ಲಿಯ ಊಟದ ಹೋಟೆಲಿನ ಮುಂದೆ ನಿಲ್ಲುವ ಲಾರಿ ಡ್ರೈವರುಗಳು ಬೆನ್ನಿಗೂ ಕುತ್ತಿಗೆಗೂ ಇಟ್ಟುಕೊಳ್ಳಲು ಸಣ್ಣ ದಿಂಬು ಕೇಳುತ್ತಿದ್ದರು. ಬೂರಲದ್ದು ತಂಪು, ಬೆವರಿಗೆ ಗಟ್ಟಿಯಾಗುವುದಿಲ್ಲ. ನಾಲ್ಕೂರು ದಾಟಿ ಬಂದ ಡ್ರೈವರೊಬ್ಬ ಎರಡನೆಯ ಸಲ ಬಂದು, "ಆ ದೇವರ ದಿಂಬು ಇದಾವೇನ್ರಿ?" ಎಂದು ಕೇಳಿದನಂತೆ. ಅಪ್ಪನಿಗೆ ಇದನ್ನು ಹೇಳಿದಾಗ ಅವನು ನಕ್ಕ. ತಿಂಗಳುಗಳ ನಂತರದ ನಗು ಅದು. ನನಗೆ ಹಬ್ಬ ಆದಷ್ಟು ಖುಷಿಯಾಯಿತು.

ವ್ಯಾಪಾರಿ ಮತ್ತೆ ಬರಲಿಲ್ಲ, ಬರುವುದು ಬೇಡ ಎಂದು ಹೇಳಿಕಳಿಸಿದ್ದಾಯಿತು. ಮಾಳಿಗೆ ಒಂದೇ ವರ್ಷಕ್ಕೆ ಆಗಲಿಲ್ಲ, ತುಂಡು ತುಂಡಾಗಿ ರಿಪೇರಿಯಾಯಿತು. ಹುಣಸೆಯನ್ನು ಪ್ರತಿ ವರ್ಷ ಲಾವಣಿಗೆ, ಅಂದರೆ ಗುತ್ತಿಗೆಗೆ, ಕೊಡುವುದು ಸುರುವಾಯಿತು. ಹಳೆಯ ಗಿಡ ಒಂದು ಬಿದ್ದರೆ ಅದೇ ದುಡ್ಡಿನಿಂದ ಹೊಸದು ಹಚ್ಚುವುದು ವಾಡಿಕೆಯಾಯಿತು. ಬಾವಿಯ ಹೂಳು ತೆಗೆಸಿದ ಮೇಲೆ ಅಕ್ಕಪಕ್ಕದ ಹೊಲದವರೂ ಬೇಸಿಗೆಯಲ್ಲಿ ದನಗಳನ್ನು ಅಲ್ಲಿಗೇ ಹೊಡೆದುಕೊಂಡು ಬರುತ್ತಿದ್ದರು. ನಾನು ಆಮೇಲೆ ಸವದತ್ತಿಯಲ್ಲಿ ಸಾಲೆಯ ಮಾಸ್ತರಿಣಿಯಾದೆ, ಅಲ್ಲಿಗೇ ಮದುವೆಯಾಗಿ ಹೋದೆ. ಈಚೆಗೆ ಒಂದು ತರಬೇತಿಯಲ್ಲಿ ಹಸಿರು ಆರ್ಥಿಕತೆ ಎಂದು ಪರದೆಯ ಮೇಲೆ ಚಿತ್ರ ತೋರಿಸುತ್ತ ಒಬ್ಬರು ಬಹಳ ಹೊತ್ತು ಮಾತಾಡಿದರು. ಕಡಿಯದೆ ಉಣ್ಣುವುದು ಹೇಗೆ ಎಂಬುದೇ ಅದರ ಸಾರ. ನನಗೆ ಸೊಳ್ಳೆಪರದೆಯ ಡೇರೆ ಕಣ್ಣ ಮುಂದೆ ಬಂತು, ನಗು ತಡೆದುಕೊಳ್ಳುವುದು ಕಷ್ಟವಾಯಿತು.

ಆದರೆ ಅಪ್ಪನ ಕಥೆ ಅಲ್ಲಿಗೆ ನೆಟ್ಟಗಾಗಲಿಲ್ಲ. ಹೊಸ ಶತಮಾನ ಬಂದು ಹೆದ್ದಾರಿ ಅಗಲವಾಗುವ ಹೊತ್ತಿಗೆ ಬೈಲಹೊಂಗಲದ ಪೇಟೆಗೆ ಫೋಮಿನ ಗಾದಿಗಳು ಬಂದವು. ಹೂವಿನ ಚಿತ್ರದ ಗವಸು, ಪ್ಲಾಸ್ಟಿಕ್ ಚೀಲ, ಹಿಂಜುವ ಗೋಜಿಲ್ಲ. ಮಗಳ ಗಾದಿಗೆ ಅಪ್ಪನೇ ಬೇಕು ಅನ್ನುತ್ತಿದ್ದ ಮನೆಗಳ ಮದುವೆಗೂ ಅವೇ ಹೋಗತೊಡಗಿದವು. ಅಪ್ಪ ಒಂದೆರಡು ವರ್ಷ ಹಳೇ ಗಾದಿಗಳ ರಿಪೇರಿ ಮಾಡಿಕೊಂಡು ಕಳೆದ. ಆಮೇಲೆ ಅಂಗಡಿ ಬಿಟ್ಟುಕೊಟ್ಟ. ಮಷಿನ್ನು ಗುಜರಿಗೆ ಹೋಯಿತು. ಬೇಸಿಗೆ ಬಂದರೆ ಮಾತ್ರ ಮುಂಜಾನೆಯಿಂದ ಹೊತ್ತು ಮುಳುಗುವ ತನಕ ತೋಪಿನಲ್ಲಿ ದುಡಿಯುತ್ತಿದ್ದ, ಕೂಲಿಯಿಲ್ಲದೆ. ಅತ್ತೆ ಹೊಲಿದು ತರುವುದರಲ್ಲಿ ಮನೆ ನಡೆಯಬೇಕು. ನಾನು ದುಡ್ಡು ಕೊಡಹೋದರೆ, "ಕೊಟ್ಟ ಮಗಳ ಮನಿದು ನನಗ ಬ್ಯಾಡವಾ," ಎಂದು ಕೈ ಹಿಂದೆ ಕಟ್ಟಿಕೊಳ್ಳುತ್ತಿದ್ದ. ಈ ಮನುಷ್ಯನಿಗೆ ಬೇಡವಾದದ್ದರ ಪಟ್ಟಿ ಎಂದಾದರೂ ಮುಗಿದೀತೇ ಎಂದು ನಾನು ಬಸ್ಸಿನಲ್ಲಿ ಅಳುತ್ತ ಸವದತ್ತಿಗೆ ವಾಪಸಾದ ದಿನಗಳಿವೆ.

ಒಂದು ಬೇಸಿಗೆಯ ರಜೆಗೆ ಹೋದಾಗ ಅಪ್ಪ ಬಹಳ ಸೊರಗಿದ್ದ. ಊಟಕ್ಕೆ ಕುಳಿತರೆ ಒಂದು ರೊಟ್ಟಿ, ಅಷ್ಟಕ್ಕೇ ತಟ್ಟೆಯ ಮೇಲೆ ಕೈ ಅಡ್ಡ. "ಹಸವಿಲ್ಲ" ಅನ್ನುವುದು. ದಿನವೆಲ್ಲ ಗಳ ಹಿಡಿದು ದುಡಿದವನಿಗೆ ಹಸಿವಿಲ್ಲವಂತೆ. ಅವ್ವ ನನ್ನನ್ನು ಒಳಗೆ ಕರೆದು, "ವರ್ಷ ಆತು ನೋಡು ಹಿಂಗ. ನಮಗ ಸಾಲೂದಿಲ್ಲಂತ ಉಣ್ಣೂದಿಲ್ಲ," ಅಂದಳು. ನನಗೆ ತಡೆಯಲಾಗಲಿಲ್ಲ. ಆ ಸಂಜೆ ದಲಾಲಿ ಕಾಕಾನ ಮನೆಗೆ ಹೋಗಿ ಎಲ್ಲವನ್ನೂ ಹೇಳಿಬಿಟ್ಟೆ. ಅವರಿಗೂ ಆಗ ವಯಸ್ಸಾಗಿತ್ತು, ಕೋಲು ಹಿಡಿದು ನಡೆಯುತ್ತಿದ್ದರು. ಕೋಲು ತೆಗೆದುಕೊಂಡು ನನ್ನ ಜೊತೆಗೇ ಹೊರಟರು.

ಅಪ್ಪ ಪಡಸಾಲೆಯಲ್ಲಿ ಕುಳಿತಿದ್ದ. ಅವರನ್ನು ಕಂಡು ಎದ್ದು, "ಬರ್ರಿ ಸಾವಕಾರ್ರ, ಕುಂದರ್ರಿ," ಅಂದ. ಅವರು ಕೂಡಲಿಲ್ಲ. ಕಿಸೆಯಿಂದ ಕೂಲಿಯ ದುಡ್ಡು ತೆಗೆದು ಮುಂದೆ ಹಿಡಿದರು.

"ಇದು ಈ ವಾರದ್ದು. ಎಲ್ಲಾರಿಗೂ ಕೊಟ್ಟೇನಿ, ನಿನ್ನದು ಉಳದಿತ್ತು."

"ನಾ ಕೂಲಿಗೆ ಬಂದಿಲ್ಲರಿ. ದೇವರ ಕೆಲಸಕ್ಕ ಬಂದೇನಿ."

"ಆ ಹೆಣ್ಮಕ್ಕಳು ಮಾಡೂದು ಯಾರ ಕೆಲಸೋ? ಅವರು ತಗೋತಾರ. ಅವರು ತಿನ್ನೂದು ಹರಾಮೇನು? ಹೌದಂದ್ರ ಹೇಳು, ನಾಳಿಂದ ಬಂದ್ ಮಾಡತೇನಿ."

"ಹಂಗ ಅನ್ನಬ್ಯಾಡ್ರಿ. ಅವರು ದುಡದು ತಿಂತಾರ."

"ನೀ?"

ಅಪ್ಪ ತಲೆ ತಗ್ಗಿಸಿದ. ಬಾಗಿಲ ಹಿಂದೆ ಅತ್ತೆ ನಿಂತಿದ್ದಳು. ದಲಾಲಿ ಕಾಕಾ ಕೋಲಿನ ಮೇಲೆ ಭಾರ ಹಾಕಿ ಸ್ವಲ್ಪ ಬಾಗಿದರು. ಅವರ ದನಿ ಇಳಿದಿತ್ತು.

"ತಮ್ಮಾ, ಆ ಅಮ್ಮ ಮಂದಿ ಎತ್ತಿಗೆ ನೀರು ಬಿಟ್ಟಾಕಿ. ಗುರತಾ ಪರಿಚಯ ಇಲ್ಲದ ಎತ್ತು. ಆಕಿ ಇವತ್ತು ಇಲ್ಲೆ ಬಂದು ನಿಂತಳಂದ್ರ, ತನ್ನ ಗಿಡಾ ಉಳಿಸಿದ ಮನಶ್ಯಾಗ ಒಂದು ರೊಟ್ಟಿ ಬ್ಯಾಡ ಅಂತಿದ್ಲೇನೋ?"

ಅಪ್ಪ ಅಳುವುದನ್ನು ನಾನು ನೋಡಿರಲಿಲ್ಲ, ಆ ದಿನ ನೋಡಿದೆ. ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡು, ಎರಡೂ ಕೈ ಸೇರಿಸಿ ಮುಂದೆ ಚಾಚಿದ. ದಲಾಲಿ ಕಾಕಾ ದುಡ್ಡನ್ನು ಆ ಕೈಯಲ್ಲಿ ಇಟ್ಟು, ಅದರ ಮೇಲೆ ತಮ್ಮ ಕೈ ಇಟ್ಟು ಒಂದು ಗಳಿಗೆ ಹಾಗೆಯೇ ನಿಂತರು. ಆಮೇಲೆ ಚಹಾ ಕುಡಿದು ಹೋದರು. ಅಪ್ಪ ಅದನ್ನು ಅವ್ವನ ಕೈಗೆ ಕೊಡುತ್ತ, "ದುಡದದ್ದು," ಎಂದಷ್ಟೇ ಅಂದ.

ಮರುದಿನ ಸಂತೆಯಿಂದ ಜೋಳ ಬಂತು, ಎಣ್ಣೆ ಬಂತು, ಬದನೆಕಾಯಿ ಬಂತು. ರಾತ್ರಿ ಅವ್ವ ಯಾರೂ ಒಲ್ಲೆ ಅನ್ನದ ಹಾಗೆ ಎಣ್ಣೆಗಾಯಿ ಮಾಡಿ, ಬಿಸಿ ಬಿಸಿ ರೊಟ್ಟಿ ಬಡಿದು ಹಾಕುತ್ತಿದ್ದಳು. ಅಪ್ಪ ಬಿಸ್ಮಿಲ್ಲಾ ಎಂದು ಮುರಿದ ಮೊದಲ ತುತ್ತನ್ನು ಬಹಳ ಹೊತ್ತು ಬಾಯಲ್ಲಿಟ್ಟುಕೊಂಡ. ನಾವು ಮೂವರೂ ಅವನನ್ನು ನೋಡುತ್ತಿಲ್ಲವೆಂಬಂತೆ ನೋಡುತ್ತಿದ್ದೆವು. ಒಂದು ರೊಟ್ಟಿ ಮುಗಿಯಿತು. ಕೈ ಅಡ್ಡ ಬರಲಿಲ್ಲ. ಅಪ್ಪ ತಟ್ಟೆಯನ್ನು ಒಲೆಯ ಕಡೆ ಸ್ವಲ್ಪ ಸರಿಸಿ, ತಲೆ ಎತ್ತದೆ ಹೇಳಿದ:

"ಇನ್ನೊಂದು ಹಾಕು. ಹಸದೇನಿ."

ಅವ್ವ ಹಂಚಿನ ಮೇಲಿನ ರೊಟ್ಟಿ ತಿರುವುವುದನ್ನು ಮರೆತು ಕುಳಿತುಬಿಟ್ಟಳು. ನಾನೇ ಎದ್ದು ಹಾಕಿದೆ.